ಸಂಜೆ ಗಾಡಿಯ ಪಾಠ

ಬ್ಯಾಡಗಿಯ ನಮ್ಮ ಡಿಗ್ರಿ ಕಾಲೇಜಿನ ಮಾಳಿಗೆ ಮೇಲೆ ಡಿಶ್ ಕೂರಿಸಿದ ದಿನ ಊರ ತುಂಬ ಮೆಣಸಿನಕಾಯಿ ಘಾಟು. ಹಂಗಾಮಿನಲ್ಲಿ ಪೇಟೆಯ ಗಾಳಿ ಕಾಲೇಜಿನವರೆಗೂ ಬಂದು ಎಲ್ಲರನ್ನೂ ಸೀನಿಸುವುದು ಹೊಸದೇನಲ್ಲ. ಹುಡುಗರು ಸೀನುತ್ತಲೇ ಮೈದಾನದಲ್ಲಿ ನಿಂತು, ಏಣಿ ಹತ್ತಿದವರು ಆ ಬಿಳಿ ತಟ್ಟೆಯನ್ನು ಅತ್ತಿತ್ತ ತಿರುಗಿಸುವುದನ್ನು ನೋಡುತ್ತಿದ್ದರು. ಇನ್ನು ಬೆಂಗಳೂರಿನ ಮೇಷ್ಟರು ಅಲ್ಲಿಂದಲೇ ನಮ್ಮೂರಿಗೆ ಪಾಠ ಮಾಡುತ್ತಾರಂತೆ, ಉಪಗ್ರಹದ ಮೂಲಕ. ಪ್ರಿನ್ಸಿಪಾಲರ ಮುಖದಲ್ಲಿ ಮದುವೆ ಮನೆಯ ಸಂಭ್ರಮವಿತ್ತು. ನಾನು ಮಾತ್ರ ಜೂನ್‌ಗೆ ಎಷ್ಟು ತಿಂಗಳಿದೆ ಎಂದು ಎಣಿಸಿದೆ.

ನಾನು ಅಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಈ ಹೆಸರನ್ನು ಇಟ್ಟವರು ಯಾರೋ, ಅವರ ಮನೆಗೆ ಒಮ್ಮೆ ಅತಿಥಿಯಾಗಿ ಹೋಗಿ ನೋಡಬೇಕು ಅಂತ ನನಗೆ ಬಹಳ ಸಲ ಅನಿಸಿದೆ. ಪ್ರತಿ ಜೂನ್‌ನಲ್ಲಿ 'ಈ ವರ್ಷ ನೀವು ಬೇಕೋ ಬೇಡವೋ ಹೇಳಿ ಕಳಿಸುತ್ತೇವೆ' ಎಂದು ಬಾಗಿಲಲ್ಲಿ ನಿಲ್ಲಿಸುವ ಅತಿಥಿಸತ್ಕಾರ ಅದು. ಆದರೂ ಆ ಕೆಲಸವನ್ನು ನಾನು ಜೀವದಂತೆ ಹಚ್ಚಿಕೊಂಡಿದ್ದೆ. ಎಂ.ಎ. ಓದಿದ್ದು ಪಾಠ ಹೇಳಲಿಕ್ಕೇ. ಬೇರೆ ಏನು ಮಾಡಿದರೂ ನಾನು ಅರ್ಧ ಮನುಷ್ಯಳು ಎಂದು ಆಗಲೂ ಗೊತ್ತಿತ್ತು.

ಜೂನ್‌ನಲ್ಲಿ ನನ್ನನ್ನು ಮತ್ತೆ ಕರೆದರು. ಅದೇ ವಾರ ಬೆಂಗಳೂರಿನಿಂದ ಒಬ್ಬ ಸಂಶೋಧಕ ಬಂದ. ಸಣ್ಣ ವಯಸ್ಸು, ಮೃದು ಮಾತು. ಘಾಟಿನ ಕಾಲವಲ್ಲದಿದ್ದರೂ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಓಡಾಡುತ್ತಿದ್ದ, ಯಾರೋ ಹೆದರಿಸಿ ಕಳಿಸಿರಬೇಕು. ಪರದೆಯ ಪಾಠದಿಂದ ಪದವಿ ವಿದ್ಯಾರ್ಥಿಗಳು ಎಷ್ಟು ಕಲಿಯುತ್ತಾರೆ ಎನ್ನುವುದು ಅವನ ಅಧ್ಯಯನ. ಎರಡನೇ ವರ್ಷದವರಿಗೆ ಹೇಗೂ ಎರಡು ಸೆಕ್ಷನ್ ಇದ್ದವು. 'ಎ' ಸೆಕ್ಷನ್ನಿಗೆ ಅರ್ಥಶಾಸ್ತ್ರವನ್ನು ಪರದೆ ಹೇಳಬೇಕು, 'ಬಿ' ಸೆಕ್ಷನ್ನಿಗೆ ನಾನು. ವರ್ಷದ ಕೊನೆಗೆ ಎರಡರ ಅಂಕಗಳನ್ನೂ ಎದುರುಬದುರು ಇಟ್ಟು ನೋಡುವುದು.

ಪರದೆಯವರು ಸರಿಸಮ ಬಂದರೆ ಏನು ಮಾಡುತ್ತೀರಿ ಎಂದು ಪ್ರಿನ್ಸಿಪಾಲರನ್ನು ನೇರವಾಗಿಯೇ ಕೇಳಿದೆ. ಅವರು ಕಿಟಕಿಯ ಕಡೆ ನೋಡಿದರು. ಕೆಟ್ಟ ಮನುಷ್ಯರಲ್ಲ, ಸುಳ್ಳು ಹೇಳಲು ಬರುತ್ತಿರಲಿಲ್ಲ ಅಷ್ಟೇ. "ಮ್ಯಾಲಿನವ್ರು ಹೇಳಿದಂಗ ಮಾಡೋದ್ರಿ ನಾವು. ಆವಾಗ ಅತಿಥಿಗಳು ಬ್ಯಾಡ ಅಂದ್ರೂ ಅನ್ನಬಹುದು," ಎಂದರು. ಆಮೇಲೆ ನನಗೆ ಚಹಾ ತರಿಸಿದರು.

ಪರದೆಯ ಕೋಣೆಯ ಕಿಟಕಿಗಳಿಗೆ ಕಪ್ಪು ಬಟ್ಟೆ ಬಡಿದಿದ್ದರು. ನನ್ನ ಕ್ಲಾಸು ಅದರ ಪಕ್ಕಕ್ಕೇ. ಬೆಂಗಳೂರಿನ ಮೇಷ್ಟರು ಚೆನ್ನಾಗಿಯೇ ಪಾಠ ಮಾಡುತ್ತಿದ್ದರು, ಅದರಲ್ಲಿ ಹೊಟ್ಟೆಕಿಚ್ಚು ಪಡುವಂಥದ್ದಿಲ್ಲ. ಆದರೆ ಆಗಾಗ "ಅರ್ಥ ಆಯ್ತಲ್ವಾ?" ಎಂದು ಕೇಳಿ, ಒಂದು ಗಳಿಗೆ ತಡೆದು, "ವೆರಿ ಗುಡ್" ಎನ್ನುತ್ತಿದ್ದರು. ಮೊದಮೊದಲು ನಮ್ಮ ಹುಡುಗರು ಗಟ್ಟಿಯಾಗಿ "ಇಲ್ರೀ ಸರ್" ಎಂದು ಕೂಗಿ ನಗುತ್ತಿದ್ದರು. ಕೆಲವು ವಾರಗಳಲ್ಲಿ ಆ ನಗೆ ನಿಂತುಹೋಯಿತು. ಆಮೇಲೆ ಗೋಡೆಯಾಚೆಯಿಂದ ಕೇಳುತ್ತಿದ್ದುದು ಆ ಪ್ರಶ್ನೆ, ಆ ಮೌನ, ಆ "ವೆರಿ ಗುಡ್". ನಾನು ಪಾಠದ ನಡುವೆ ನಿಲ್ಲಿಸಿ ಅದಕ್ಕೇ ಕಾಯುತ್ತಿದ್ದೆ. ಕರೆಂಟು ಹೋಗಿ ಬಂದರೆ ಚಿತ್ರ ನಿಂತಲ್ಲೇ ನಿಂತು, ಮೇಷ್ಟರ ಬಾಯಿ ತೆರೆದೇ ಉಳಿಯುತ್ತಿತ್ತು. ಹುಡುಗರು ಕತ್ತಲಲ್ಲಿ ಆ ತೆರೆದ ಬಾಯಿಯ ಮುಂದೆ ಸುಮ್ಮನೆ ಕುಳಿತಿರುತ್ತಿದ್ದರು. ಒಮ್ಮೆ ಬಾಗಿಲು ಸರಿಸಿ ಇಣುಕಿದಾಗ ಯಾರೂ ತಿರುಗಿ ನನ್ನನ್ನು ನೋಡಲಿಲ್ಲ. ಅವತ್ತು ನಿಜವಾಗಿ ಹೆದರಿದೆ.

ಇನ್ನು ರೈಲಿನ ವಿಷಯ ಹೇಳಬೇಕು. ನನ್ನ ಮನೆ ಹಾವೇರಿಯಲ್ಲಿ. ಬೆಳಿಗ್ಗೆ ಬಸ್ಸಿಗೆ ಬಂದರೂ ಸಂಜೆ ಮರಳುವುದು ಪ್ಯಾಸೆಂಜರ್ ಗಾಡಿಗೆ. ರಾಣೆಬೆನ್ನೂರಿನಿಂದ ಬರುವ ಆ ಗಾಡಿಗೆ ಹಾವೇರಿ, ಕರ್ಜಗಿ ಕಡೆಯ ನಮ್ಮ ವಿದ್ಯಾರ್ಥಿಗಳೆಲ್ಲ ಬ್ಯಾಡಗಿಯಲ್ಲಿ ಹತ್ತುತ್ತಿದ್ದರು. ಹಿಂದಿನಿಂದ ಎರಡನೇ ಡಬ್ಬಿ ನಮ್ಮದು ಎಂದು ಹೇಗೋ ಆಗಿಬಿಟ್ಟಿತ್ತು. ದಿನದ ಪಾಠದಲ್ಲಿ ತಿಳಿಯದೆ ಉಳಿದದ್ದನ್ನು ಅವರು ಅಲ್ಲಿ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಬೆಳಿಗ್ಗೆ ಹೈಬ್ರಿಡ್ ಬೀಜದ ಪ್ಲಾಟುಗಳಿಗೆ, ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಹೋಗಿ ಮೊದಲ ತಾಸು ತಪ್ಪಿಸಿಕೊಳ್ಳುವ ಹುಡುಗಿಯರಿಗಂತೂ ಅದೇ ಕ್ಲಾಸು. ಶೇಂಗಾ ಮಾರುವವನು ಕೂಡ ನಮ್ಮ ಸೀಟಿನ ಹತ್ತಿರ ಬಂದಾಗ ದನಿ ತಗ್ಗಿಸುತ್ತಿದ್ದ. ಅದನ್ನು ನಾನು ದೊಡ್ಡ ಸೇವೆ ಎಂದುಕೊಂಡಿರಲಿಲ್ಲ. ಊಟವಾದ ಮೇಲೆ ಕೈ ತೊಳೆಯುವ ಹಾಗೆ ಪಾಠವಾದ ಮೇಲೆ ರೈಲು.

ಆ ವರ್ಷ 'ಎ' ಸೆಕ್ಷನ್ನಿನವರೂ ಅದೇ ಡಬ್ಬಿಗೆ ಹತ್ತಿದರು. ಎಲ್ಲಿಗೆ ಹೋಗಬೇಕು ಅವರಾದರೂ? ಕರ್ಜಗಿಯ ಒಬ್ಬ ಹುಡುಗಿ ಇದ್ದಳು, ಬುರ್ಖಾದ ಮುಸುಕನ್ನು ಮೇಲೆತ್ತಿ ತಲೆಗೆ ಸುತ್ತಿಕೊಂಡು, ಎದುರಿನ ಸೀಟಿನ ತುದಿಗೆ ಕುಳಿತು ಪ್ರಶ್ನೆ ಕೇಳುವವಳು. ಪರದೆಯ ಮೇಷ್ಟರು ಅವತ್ತು ಬದಲಿ ಸರಕು, ಪೂರಕ ಸರಕು ಹೇಳಿದ್ದರು. ಅವರ ಉದಾಹರಣೆ ಕಾರು ಮತ್ತು ಪೆಟ್ರೋಲು. ಅವಳ ಮನೆಯಲ್ಲಿ ಎರಡೂ ಇರಲಿಲ್ಲ. ನಾನು ಮೆಣಸಿನಕಾಯಿಗೆ ಬಂದೆ. ಖಾರದ ಗುಂಟೂರು ಕಾಯಿ ಸೋವಿಯಾದರೆ ಖಾನಾವಳಿಯವನು ಬಣ್ಣದ ಬ್ಯಾಡಗಿ ಕಾಯಿ ಬಿಡುತ್ತಾನೆ, ಅವನಿಗೆ ಅದು ಬದಲಿ. ಬಣ್ಣವೂ ಬೇಕು ಖಾರವೂ ಬೇಕು ಎನ್ನುವ ಗೃಹಿಣಿ ಎರಡನ್ನೂ ಕೂಡಿಸಿ ಕುಟ್ಟಿಸುತ್ತಾಳೆ, ಅವಳಿಗೆ ಅವು ಪೂರಕ. ಕೊಳ್ಳುವವರು ಹೇಗೆ ಬಳಸುತ್ತಾರೋ ಹಾಗೆ.

ಹುಡುಗಿ ಬರೆದುಕೊಂಡು, ತಲೆ ಎತ್ತಿ ಕೇಳಿದಳು. "ಹಂಗಾರ ಆ ಪರದೆ ನಿಮಗ ಬದಲಿ ಏನ್ರಿ ಮೇಡಮ್ರ, ಪೂರಕ ಏನ್ರಿ?"

ಡಬ್ಬಿಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಹಾವೇರಿ ಬರುವವರೆಗೆ ಅದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಈ ಪರದೆಯನ್ನು ಕೊಳ್ಳುವವರು ಯಾರು, ಹೇಗೆ ಬಳಸುತ್ತಾರೆ ಎನ್ನುವುದು ನನ್ನ ಕೈಯಲ್ಲಿ ಇರಲಿಲ್ಲ.

ನಮ್ಮ ವಿಭಾಗದ ಹಿರಿಯರು, ಕಾಯಂ ನೌಕರಿಯವರು, ನಿವೃತ್ತಿಗೆ ಬಂದವರು, ರೈಲಿನ ಪಾಠ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದನ್ನು ನನಗಿಂತ ಮೊದಲೇ ಕಂಡಿದ್ದರು. ದಸರೆ ರಜೆ ಮುಗಿದ ಮೇಲೆ ಒಂದು ದಿನ ನನ್ನನ್ನು ಸ್ಟಾಫ್ ರೂಮಿನ ಮೂಲೆಗೆ ಕರೆದು ಬುದ್ಧಿ ಹೇಳಿದರು. "ಆ ಪರದೆ ಗೆದ್ರ ನಿಮ್ಮ ಕೈಲೇ ಗೆಲ್ಲತೈತಿ ನೋಡ್ರಿ. ಪರೀಕ್ಷಾ ಮುಗಿಯೂತನಕ ಗಾಡಿಯಾಗ ಸುಮ್ಮ ಕುಂದರ್ರಿ. 'ಎ' ಸೆಕ್ಷನ್ನಿನವ್ರು ಫೇಲ್ ಆಗಲಿ. ಆಮ್ಯಾಲೆ ನಿಮ್ಮನ್ನ ಯಾರೂ ಮುಟ್ಟಂಗಿಲ್ಲ."

ಮಾತು ಖರೇ ಇತ್ತು. ಮರುದಿನದಿಂದ ನಾನು ಮುಂದಿನ ಹೆಂಗಸರ ಡಬ್ಬಿಗೆ ಹತ್ತಿದೆ. ಸಂತೆ ಮುಗಿಸಿದವರ ಬುಟ್ಟಿಗಳ ನಡುವೆ ಕುಳಿತು ಹೊಲಗಳನ್ನು ನೋಡಿದೆ. ಅಷ್ಟು ವರ್ಷ ಆ ದಾರಿಯಲ್ಲಿ ಓಡಾಡಿಯೂ ಹೊಲಗಳನ್ನು ಸರಿಯಾಗಿ ನೋಡಿರಲಿಲ್ಲ, ನೋಡಲು ಅಂಥದ್ದೇನೂ ಇರಲಿಲ್ಲ. ಕೆಲವು ದಿನ ಹೀಗೆ ಕಳೆದ ಮೇಲೆ ಕರ್ಜಗಿಯ ಹುಡುಗಿ ನನ್ನನ್ನು ಹುಡುಕಿಕೊಂಡು ಆ ಡಬ್ಬಿಗೇ ಬಂದಳು. ಹಿಂದೆ ಇನ್ನಷ್ಟು ಹುಡುಗಿಯರು. ದೂರಲಿಲ್ಲ, ಯಾಕೆ ಬಿಟ್ಟಿರಿ ಎಂದು ಕೇಳಲಿಲ್ಲ. ಬುಟ್ಟಿಗಳ ನಡುವೆ ಕಂಬಿ ಹಿಡಿದು ನಿಂತು ಹೇಳಿದಳು.

"ಪರದ್ಯಾಗಿನ ಸರ್ ನಮ್ಮನ್ನ ಕೇಳತಾರ್ರಿ. ಆದ್ರ ನಮ್ಮದು ಅವ್ರಿಗೆ ಕೇಳಂಗಿಲ್ಲ. ನಿಮಗ ಕೇಳತೈತಲ್ರಿ?"

ಹಾಳಾಗಿ ಹೋಗಲಿ ಎಂದುಕೊಂಡೆ. ಸಿಟ್ಟು ಯಾರ ಮೇಲೆ ಬಂದಿತ್ತೋ, ಬುಟ್ಟಿಯವರಿಗೆ ಸರಿಯಲು ಹೇಳಿ ಅವಳ ಕೈಯಿಂದ ಪುಸ್ತಕ ಕಿತ್ತುಕೊಂಡೆ. ಅವತ್ತಿನಿಂದ ಪರೀಕ್ಷೆಯವರೆಗೆ ಒಂದು ಸಂಜೆಯೂ ತಪ್ಪಿಸಲಿಲ್ಲ.

ಆದರೆ ಸುಮ್ಮನೆ ಬಲಿ ಹೋಗುವ ಸ್ವಭಾವ ನನ್ನದಲ್ಲ. ಸಂಶೋಧಕ ಮತ್ತೆ ಬಂದಾಗ ಅವನನ್ನು ಕೂರಿಸಿಕೊಂಡು ರೈಲಿನ ಕಥೆಯನ್ನೆಲ್ಲ ಹೇಳಿದೆ. ಒಂದು ಸಂಜೆ ನಮ್ಮ ಜೊತೆ ಬಂದು ನೋಡಪ್ಪಾ, ಹಾವೇರಿಯಲ್ಲಿ ಇಳಿದು ನಮ್ಮ ಮನೆಯಲ್ಲೇ ಊಟ ಮಾಡಿ ಹೋಗು ಎಂದೂ ಕರೆದೆ. ಅವನು ಗಮನವಿಟ್ಟು ಕೇಳಿದ. ತಲೆಯಾಡಿಸಿದ. ಕೊನೆಗೆ ಕರವಸ್ತ್ರ ಮಡಚುತ್ತ ಹೇಳಿದ. "ತರಗತಿ ಒಳಗೆ ಆಗೋದನ್ನ ಮಾತ್ರ ನಾವು ತಗೊಳ್ಳೋದು ಮೇಡಂ. ಹೊರಗೆ ಮಕ್ಕಳು ಓದ್ಕೊಳ್ಳೋದು ಎರಡೂ ಸೆಕ್ಷನ್‌ಗೂ ಇದ್ದೇ ಇರುತ್ತೆ ಅಂತ ಬಿಟ್ಬಿಡ್ತೀವಿ."

ಬಿಟ್ಬಿಡ್ತೀವಿ. ಎಷ್ಟು ಹಗುರವಾಗಿ ಅಂದ. ಅವನ ಮೇಲೆ ಸಿಟ್ಟಾಗಲೂ ಆಗಲಿಲ್ಲ, ಅವನಿಗೆ ಹಾಗೆಯೇ ಕಲಿಸಿದ್ದರು.

ಫಲಿತಾಂಶ ಬಂದಿತು. 'ಎ' ಸೆಕ್ಷನ್ ನನ್ನ 'ಬಿ' ಸೆಕ್ಷನ್ನನ್ನು ತುಸು ಹಿಂದೆ ಹಾಕಿತ್ತು. ಅದರಲ್ಲಿ ಅಚ್ಚರಿಯೇನು, ಅವರಿಗೆ ಹಗಲು ಒಬ್ಬರು, ಸಂಜೆ ಒಬ್ಬರು. ವರದಿ ಒಪ್ಪಿಸುವ ಸಮಾರಂಭ ಕಾಲೇಜಿನಲ್ಲೇ ಆಯಿತು. ಸಂಶೋಧಕನಿಗೆ ಸನ್ಮಾನಕ್ಕೆ ಏಲಕ್ಕಿ ಹಾರ ಬೇಕು, ಹಾವೇರಿಯಿಂದ ಬರುವವರು ನೀವೇ ಎಂದು ಪ್ರಿನ್ಸಿಪಾಲರು ನನಗೇ ತರಲು ಹೇಳಿದ್ದರು. ಡಬ್ಬದಲ್ಲಿಟ್ಟು ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಬಂದೆ. ದಾರಿಯುದ್ದಕ್ಕೂ ಘಮಘಮ. ಯಾರ ಮದುವೆ ಎಂದು ಪಕ್ಕದ ಹೆಂಗಸು ಕೇಳಿದಳು. ಹಾರ ಹಾಕಿಸಿಕೊಂಡು ಆ ಹುಡುಗ ನಾಚಿ ನಕ್ಕ. ಪರದೆಯಿಂದಲೇ ಕಲಿಸಬಹುದು ಎಂಬುದಕ್ಕೆ ಬ್ಯಾಡಗಿ ಸಾಕ್ಷಿ ಎಂದು ಭಾಷಣಗಳಾದವು. ಹಿರಿಯರು ನನ್ನ ಕಡೆ ನೋಡಲಿಲ್ಲ.

ಜೂನ್‌ನಲ್ಲಿ ಕರೆ ಬರಲಿಲ್ಲ. ನಾನೇ ಹೋಗಿ ಕೇಳಲೂ ಇಲ್ಲ. ಮಳೆ ಹಿಡಿಯುವ ಹೊತ್ತಿಗೆ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಫೋನಿನಲ್ಲಿ ವ್ಯಾಪಾರಿಗಳಿಗೆ ಉತ್ತರ ಹೇಳುವುದು. ಸಂಜೆ ಅದೇ ಪ್ಯಾಸೆಂಜರ್ ಗಾಡಿ, ಹಿಂದಿನಿಂದ ಎರಡನೇ ಡಬ್ಬಿ. ಅಭ್ಯಾಸ ಬಿಡಲಿಲ್ಲ. ನಾನು ಕಾಲೇಜು ಬಿಟ್ಟ ಮೇಲೆ ಹುಡುಗರೆಲ್ಲ ಬೇರೆ ಬೇರೆ ಡಬ್ಬಿಗಳಿಗೆ ಚದುರಿದ್ದರು. ರಾಣೆಬೆನ್ನೂರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಒಬ್ಬಾಕೆ ಪಕ್ಕದಲ್ಲಿ ಕೂರತೊಡಗಿದಳು. ಅವಳೂ ಅತಿಥಿ, ಅವಳೂ ಹಾವೇರಿಯವಳು. ಗಂಡನಿಲ್ಲ, ಎರಡು ಮಕ್ಕಳನ್ನು ಆ ಕೆಲಸದ ಮೇಲೆಯೇ ಓದಿಸುತ್ತಿದ್ದಳು. ನನ್ನ ಕಥೆಯನ್ನೆಲ್ಲ ಅವಳಿಗೆ ಹೇಳಿದ್ದೆ.

ಒಂದು ಸಂಜೆ ಬ್ಯಾಡಗಿಯಲ್ಲಿ ಕರ್ಜಗಿಯ ಹುಡುಗಿ ಹತ್ತಿದಳು. ಈಗ ಕೊನೆಯ ವರ್ಷದವಳು. ನನ್ನನ್ನು ಕಂಡು ಮುಖ ಅರಳಿತು. ಹಿಂದೆ ಕಿರಿಯ ಹುಡುಗಿಯರ ಗುಂಪು. "ನಾ ಹೇಳಿದ್ನಲ್ಲ, ಮೇಡಮ್ರು ಇದ ಡಬ್ಬ್ಯಾಗ ಇರತಾರ," ಎಂದು ಅವರನ್ನು ಎದುರಿಗೆ ಕೂರಿಸಿದಳು. ಈಗ ಎರಡೂ ಸೆಕ್ಷನ್ನಿಗೆ ಪರದೆಯೇ ಎಂದಳು. ಈ ವರ್ಷವೂ ಅಂಕಗಳು ಚೆನ್ನಾಗಿ ಬಂದರೆ ಮುಂದಿನ ವರ್ಷ ಹಾವೇರಿಗೂ ರಾಣೆಬೆನ್ನೂರಿಗೂ ಡಿಶ್ ಹಾಕುತ್ತಾರಂತೆ, ಅದೇ ಕರವಸ್ತ್ರದ ಸರ್ ಮತ್ತೆ ಬಂದಿದ್ದಾರೆ ಎಂದಳು. ಅವಳಿಗೆ ಅದು ಬರಿಯ ಸುದ್ದಿ.

ಪಕ್ಕದಲ್ಲಿದ್ದವಳು ನನ್ನ ಮಣಿಕಟ್ಟು ಹಿಡಿದಳು. "ಹೇಳಿಕೊಡಬ್ಯಾಡ್ರಿ ಅಕ್ಕಾರ," ಎಂದಳು, ನನಗಷ್ಟೇ ಕೇಳುವಂತೆ.

ಎದುರಿನ ಕಿರಿಯಳೊಬ್ಬಳು ಪುಸ್ತಕ ತೆರೆದು ನನ್ನ ಮುಂದೆ ಹಿಡಿದಿದ್ದಳು. ಬದಲಿ ಸರಕು, ಪೂರಕ ಸರಕು. ಕೆಳಗೆ ಕಾರು, ಪೆಟ್ರೋಲು ಎಂದು ಬರೆದು, ಮುಂದೇನೂ ತಿಳಿಯದೆ ಜಾಗ ಖಾಲಿ ಬಿಟ್ಟಿದ್ದಳು. ಗಾಡಿ ಬ್ಯಾಡಗಿ ಬಿಟ್ಟು ವೇಗ ಹಿಡಿಯಿತು.

"ನಿಮ್ಮ ಮನ್ಯಾಗ ಖಾರ ಕುಟ್ಟಸ್ತಾರಲ್ಲ, ಯಾವ ಕಾಯಿ ಹಾಕತಾರ?" ಎಂದು ಕೇಳಿದೆ.

ಹುಡುಗಿ ಉತ್ತರ ಹೇಳುವ ಮೊದಲೇ ನನ್ನ ಮಣಿಕಟ್ಟಿನ ಮೇಲಿನ ಕೈ ಸಡಿಲವಾಯಿತು. ಪಕ್ಕದವಳು ಚೀಲ ಎತ್ತಿಕೊಂಡು ಎದ್ದು ಹೋಗಿ, ಹಾವೇರಿ ಬರುವವರೆಗೆ ಬಾಗಿಲ ಹತ್ತಿರ ನಮಗೆ ಬೆನ್ನು ಮಾಡಿ ನಿಂತಿದ್ದಳು.