ಗಂಗಮ್ಮನ ಮೆಟ್ಟಿಲಿಗೆ ಗೋವಿಂದರಾಜುವಿನ ದೋಣಿ

ಗೋವಿಂದರಾಜು ನನ್ನ ಹಳೆಯ ಶಿಷ್ಯ. ಊರಿನಲ್ಲಿ ಯಾರ ಕೊಳವೆ ಬಾವಿಯ ಮೋಟಾರು ಕೆಟ್ಟರೂ ಮೇಲೆತ್ತಿ ರಿಪೇರಿ ಮಾಡುವವನು ಅವನೇ. ನೆಲದಡಿಯ ನೀರಿನ ಹಿಂದೆ ಅಲೆದು ತಲೆ ನರೆಸಿಕೊಂಡವನಿಗೆ ಈಜು ಮಾತ್ರ ಬರುವುದಿಲ್ಲ. ಕಲಿಯುವಷ್ಟು ನೀರು ಎಲ್ಲಿತ್ತು? ರಾಜಘಟ್ಟದ ಆಚೆಗಿರುವ ನಮ್ಮೂರ ಕೆರೆ ಅವನ ಹರೆಯದಲ್ಲಿ ಕ್ರಿಕೆಟ್ ಮೈದಾನವಾಗಿತ್ತು. ಮಳೆ ಬಿಡದೆ ಸುರಿದು ಕೆರೆ ಕೋಡಿ ಬಿದ್ದ ವರ್ಷ, ಎಲ್ಲರೂ ಮೀನಿನ ಮಾತಾಡುತ್ತಿದ್ದರೆ, ಇವನು ಯಾವುದೋ ಅಣೆಕಟ್ಟೆಯ ಕಡೆಯಿಂದ ಹಳೆಯ ಫೈಬರ್ ದೋಣಿಯೊಂದನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ. ಅದರ ಮೋಟಾರನ್ನು ಬಿಚ್ಚಿ ಕಟ್ಟಿ, ಅಂತೂ ಸದ್ದು ಬರಿಸಿದ.

"ಈಜು ಬರ್ದೋನಿಗೆ ದೋಣಿ ಯಾಕ್ಲಾ?" ಎಂದು ನಕ್ಕವರಿಗೆ, "ಈಜು ಬಂದಿದ್ರೆ ದೋಣಿ ಯಾಕೆ ಬೇಕಿತ್ತು ಗುರು?" ಎಂದ.

ನಿಜವಾದ ಕಾರಣ ಅವನ ತಾಯಿ ಸಪ್ಪಲಮ್ಮ. ಕೆರೆ ತುಂಬಿದರೆ ಮನೆಯಲ್ಲೇ ದೀಪ ಹಚ್ಚಿ, ಆರದಂತೆ ಒಯ್ದು, ಗಂಗಮ್ಮನಿಗೆ ತಂಬಿಟ್ಟಿನ ಆರತಿ ಬೆಳಗುವೆನೆಂದು ಆಕೆ ಹರಕೆ ಹೊತ್ತಿದ್ದರು. ಗುಡಿ ಇರುವುದು ಕೆರೆಯಂಗಳದ ದಿಬ್ಬದ ಮೇಲೆ. ಕೆರೆ ತುಂಬಿತು, ಗುಡಿಯ ದಾರಿ ಮುಳುಗಿತು. ಮೆಟ್ಟಿಲ ಬಳಿ ನೀರು ಮೊಣಕಾಲುದ್ದ, ಅದರ ಕೆಳಗೆ ಹೂಳು. ಸವೆದ ಮಂಡಿಯ ಸಪ್ಪಲಮ್ಮನವರು ಆ ಹೂಳಿನಲ್ಲಿ ಕಾಲಿಟ್ಟರೆ ಮತ್ತೆ ಕೀಳುವಂತಿರಲಿಲ್ಲ. ದೋಣಿ ಮೆಟ್ಟಿಲಿಗೆ ತಾಗುವವರೆಗೂ ಹೋಗಲೇಬೇಕಿತ್ತು.

"ಮೇಷ್ಟ್ರೇ, ಹತ್ತು ಜನ ಕೂತ್ರೆ ದೋಣಿ ಎಷ್ಟು ಮುಳುಗ್ತದೆ?" ಎಂದು ಗೋವಿಂದರಾಜು ಬಂದು ಕೇಳಿದ. "ತಳ ತಗಲಿ ನಮ್ಮವ್ವ ಅರ್ಧದಲ್ಲೇ ನಿಂತ್ಬಿಟ್ರೆ ನನ್ ಮನಸ್ಸು ತಡೀಯಲ್ಲ."

ನಿವೃತ್ತನಾದ ಮೇಲೆ ನನ್ನನ್ನು ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಮನೆಯಲ್ಲಿ ಕೇಳುವುದು ಗ್ಯಾಸ್ ಬುಕ್ ಮಾಡಿದಿರಾ ಎಂದಷ್ಟೇ. ಹಿಗ್ಗಿನಿಂದ ಹೋಗಿ ಅವನ ಶೆಡ್ಡಿನ ಗೋಡೆಯನ್ನೇ ಕರಿಹಲಗೆ ಮಾಡಿಕೊಂಡೆ. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ದೋಣಿ, ಮೋಟಾರು, ಜನ ಎಲ್ಲ ಸೇರಿ ಒಂಬೈನೂರು ಕಿಲೋ, ಅಂದರೆ ಒಂಬೈನೂರು ಲೀಟರು ನೀರು. ದೋಣಿಯ ತಳ ಚಪ್ಪಟೆ, ಆರು ಚದರ ಮೀಟರು. ಭಾಗಿಸಿದರೆ ಹದಿನೈದು ಸೆಂಟಿಮೀಟರು. ಅರ್ಧ ಅಡಿ ಮುಳುಗುತ್ತದೆ, ಅಷ್ಟೇ!

"ಮೋಟಾರಿನ ಫ್ಯಾನು ತಳಕ್ಕಿಂತ ಕೆಳಗೆ ಇಳಿಬಿದ್ದಿರ್ತದಲ್ಲ ಮೇಷ್ಟ್ರೇ?"

"ಅದನ್ನೇ ಹೇಳಲಿದ್ದೆ" ಎಂದೆ. ಹೇಳಲಿರಲಿಲ್ಲ.

ಮೆಟ್ಟಿಲು ಹತ್ತಿರ ಬಂದಾಗ ಮೋಟಾರನ್ನು ಮೇಲಕ್ಕೆ ವಾಲಿಸಿ, ಬಿದಿರು ಗಳದಿಂದ ನೂಕುವುದೆಂದು ತೀರ್ಮಾನವಾಯಿತು. ದೋಣಿಯ ಹೊರಮೈಗೆ ಅರ್ಧ ಅಡಿಯ ಎತ್ತರದಲ್ಲಿ ಬಣ್ಣದ ಗೆರೆ ಎಳೆದೆವು. ಜನರ ತೂಕಕ್ಕೆ ಸಮನಾದ ರಾಗಿ ಮೂಟೆಗಳನ್ನು ಹಲಗೆಗಳ ಮೇಲೆ ಹಂಚಿಟ್ಟೆವು. ನೀರು ಗೆರೆಗೆ ಸರಿಯಾಗಿ ಬಂದು ನಿಂತಿತು. ದೋಣಿ ಮೂಟೆಗಳ ಸಮೇತ ಗುಡಿಯ ಮೆಟ್ಟಿಲು ಮುಟ್ಟಿ ಬಂದಿತು. ಆ ಸಂಜೆ ಟೀ ಅಂಗಡಿಯಲ್ಲಿ ಈ ಲೆಕ್ಕವನ್ನು ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ.

ಶುಕ್ರವಾರ ಬೆಳಿಗ್ಗೆ ಸಪ್ಪಲಮ್ಮನವರು ರೇಷ್ಮೆ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಉರಿಯುವ ಆರತಿ ಹಿಡಿದು ಮುಂದಿನ ಹಲಗೆಯಲ್ಲಿ ಕುಳಿತರು.

"ಇದೇನ್ಲಾ ಗೋವಿಂದ, ಕುದುರೆಗೆ ಜೀನು ಬಿಗ್ದಂಗೆ ಬಿಗಿದಿದ್ದೀಯ!"

"ಗಂಗಮ್ಮಂಗೆ ನಿಮ್ಮ ಗುರುತೇ ಸಿಗಲ್ಲ ಬಿಡಿ ಅತ್ತೆ" ಎಂದು ಸೊಸೆ ಭಾಗ್ಯಮ್ಮ ನಕ್ಕಳು.

ನೆಂಟರು, ಅಕ್ಕಪಕ್ಕದವರು ಹತ್ತಿ ಕುಳಿತರು. "ದೋಣಿ ನಿಲ್ಲುವವರೆಗೆ ಯಾರೂ ಏಳಕೂಡದು" ಎಂದು ತರಗತಿಯ ದನಿಯಲ್ಲಿ ಅಪ್ಪಣೆ ಕೊಡಿಸಿದೆ.

ಗುಡಿ ಸಮೀಪಿಸಿತು. ಗೋವಿಂದರಾಜು ಮೋಟಾರು ಎತ್ತಿ ಗಳ ಹಿಡಿದ. ಮೊದಲ ಸರದಿಯಲ್ಲೇ ದೋಣಿಯಲ್ಲಿ ಬಂದಿಳಿದಿದ್ದ ಪೂಜಾರಿ ಗಂಟೆ ಬಾರಿಸಿದ್ದೇ ತಡ, ತೆರೆದ ಬಾಗಿಲಿನಲ್ಲಿ ಗಂಗಮ್ಮನ ಬೆಳ್ಳಿ ಕಣ್ಣು ಹೊಳೆಯಿತು. ದೋಣಿಗೆ ದೋಣಿಯೇ ಎದ್ದು, ಮುಂದಕ್ಕೆ ನುಗ್ಗಿ, ಕೈಮುಗಿದು ನಿಂತಿತು. ರಾಗಿ ಮೂಟೆಗಳಿಗೆ ಈ ಭಕ್ತಿ ಇರಲಿಲ್ಲ! ದೋಣಿಯ ಮೂತಿ ಕೆಳಗೆ ಬಾಗಿ ಹೂಳನ್ನು ಕಚ್ಚಿಕೊಂಡಿತು. ಮೆಟ್ಟಿಲು ಇನ್ನೂ ಎರಡು ಮಾರು ದೂರ.

"ಏಳಬ್ಯಾಡಿ ಅಂದೋರೇ ಮೊದ್ಲು ಎದ್ರಲ್ಲ ಮೇಷ್ಟ್ರೇ!" ಎಂದಳು ಭಾಗ್ಯಮ್ಮ.

ಕಣ್ಣು ತೆರೆದು ನೋಡಿದರೆ ಸಪ್ಪಲಮ್ಮನವರ ಪಕ್ಕದಲ್ಲಿ, ಎಲ್ಲರಿಗಿಂತ ಮುಂದೆ, ಕೈಮುಗಿದು ನಿಂತಿದ್ದವನು ನಾನೇ.

"ಎಲ್ಲ ತಿರುಗಿ, ಹಿಂದಕ್ಕೆ ಹೋಗಿ!" ಎಂದು ಕೂಗಿದೆ. ಒಬ್ಬರೂ ಅಲುಗಲಿಲ್ಲ. ದೇವಿಯ ಎದುರಿಗೆ ಬಂದು ಬೆನ್ನು ಹಾಕುವವರು ನಮ್ಮೂರಲ್ಲಿಲ್ಲ. ಗಾಳಿ ಎದ್ದು ದೀಪ ಬಾಗಿತು. ಸಪ್ಪಲಮ್ಮನವರು ಸೆರಗು ಅಡ್ಡ ಹಿಡಿದರು.

"ಅವ್ವಾ, ನಾನು ಎತ್ಕೊಂಡು ಇಳೀತೀನಿ." ಗೋವಿಂದರಾಜು ಪಂಚೆ ಎತ್ತಿ ಕಟ್ಟಿದ.

"ಸುಮ್ಕಿರು. ಇಬ್ರೂ ಬೀಳಾಣ, ದೀಪಾನೂ ಆರ್ಲಿ!" ಎಂದು ಗದರಿಸಿ ಆಕೆ ನನ್ನ ಕಡೆ ನೋಡಿದರು. "ತಿರುಗೋದ್ಯಾಕೆ ಮೇಷ್ಟ್ರೇ? ದರ್ಶನ ಆದ್ಮೇಲೆ ಅಮ್ಮನ್ನ ನೋಡ್ಕೊಂಡೇ ಈಚೆಗೆ ಬರಲ್ವಾ? ಹಂಗೇ ಹಿಂದ್ಹಿಂದಕ್ಕೆ ಹೋಗ್ರಪ್ಪಾ ಎಲ್ಲಾ."

ಕೈ ಮುಗಿದಂತೆಯೇ, ದೇವಿಯ ಮೇಲೆ ಕಣ್ಣಿಟ್ಟು, ಹಲಗೆಗಳನ್ನು ಹಿಮ್ಮಡಿಯಿಂದ ತಡವುತ್ತ ನಾವೆಲ್ಲ ಹಿಂದೆ ಸರಿದೆವು. ನಾನು ಭಾಗ್ಯಮ್ಮನ ಕಾಲು ತುಳಿದೆ. ಹೂಳು ಮೂತಿಯನ್ನು ಚಪ್ಪೆಂದು ಬಿಟ್ಟುಕೊಟ್ಟಿತು. ಗೋವಿಂದರಾಜು ಮೈಭಾರವನ್ನೆಲ್ಲ ಹಾಕಿ ಗಳ ಒತ್ತಿದ. ದೋಣಿ ಜಾರಿ ಮೆಟ್ಟಿಲಿಗೆ ತಾಗಿತು. ಪೂಜಾರಿ ರಟ್ಟೆ ಹಿಡಿದುಕೊಳ್ಳಲು ಸಪ್ಪಲಮ್ಮನವರು ಬಲಗಾಲನ್ನು ಕಲ್ಲಿನ ಮೇಲಿಟ್ಟರು. ದೀಪ ಉರಿಯುತ್ತಲೇ ಇತ್ತು.

ಉಳಿದವರೂ ಒಬ್ಬೊಬ್ಬರಾಗಿ ಇಳಿದರು. ಕಟ್ಟಲು ಗೂಟವಿರಲಿಲ್ಲವಾಗಿ ಗೋವಿಂದರಾಜು ಗಳ ಊರಿ ದೋಣಿಯನ್ನು ಹಿಡಿದೇ ನಿಂತಿದ್ದ.

"ನೀನೂ ಬಾರ್ಲಾ, ಆರತಿಗೆ ಕೈ ಹಚ್ಚು" ಎಂದು ತಾಯಿ ಕರೆದರು.

"ಹೋಗಪ್ಪ, ನಾನು ಹಿಡಿದಿರುತ್ತೇನೆ" ಎಂದು ಇನ್ನೂ ದೋಣಿಯಲ್ಲೇ ಇದ್ದ ನಾನು ಗಳ ಇಸಿದುಕೊಂಡೆ. ಅವನು ಇಳಿದ. ಹೊರೆಯೆಲ್ಲ ಇಳಿದ ದೋಣಿ ಹಗುರಾಗಿ ಮೇಲೆದ್ದಿತು. ಇಳಿದ ಮೇಲಿನ ಲೆಕ್ಕವನ್ನು ನಾನು ಮಾಡಿರಲಿಲ್ಲ. ಗಳ ಹೂಳಿನಲ್ಲಿ ಉಳಿಯಿತು, ನಾನು ದೋಣಿಯಲ್ಲಿ ಉಳಿದೆ, ದೋಣಿ ಗಾಳಿಗೆ ಸಿಕ್ಕಿ ಹಿಂದೆ ಹೊರಟಿತು.

"ಎಲ್ಲಿಗೆ ಹೊರಟ್ರಿ ಮೇಷ್ಟ್ರೇ?" ಭಾಗ್ಯಮ್ಮ ಕೂಗಿದಳು.

ಗೋವಿಂದರಾಜು ತಾಯಿಯ ಕೈಗೆ ಕೈ ಕೊಟ್ಟು ಆರತಿ ಎತ್ತಿದ್ದ. ದೇವಿಗೆ ಬೆನ್ನು ಹಾಕುವಂತಿರಲಿಲ್ಲವಾಗಿ ಅತ್ತ ನೋಡಿಕೊಂಡೇ ಹೇಳಿದ: "ಅಲ್ಲೇ ಇರಿ ಮೇಷ್ಟ್ರೇ, ಮಂಗಳಾರತಿ ಮುಗಿಸ್ಕೊಂಡ್ ಬರ್ತೀನಿ!"