ಸಕ್ಕರೆ ಇಳಿದ ಮಧ್ಯಾಹ್ನ

ಮೂರು ವರ್ಷದ ಹಿಂದೆ ನಾನು ಗದಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ವೈದ್ಯನಾಗಿ ಆರು ಹಾಸಿಗೆಯ ಐಸಿಯು ನೋಡಿಕೊಳ್ಳುತ್ತಿದ್ದೆ. ಚಿಂತೆ ಮಾಡುವುದು ನನ್ನ ಹುಟ್ಟುಗುಣ; ಅದಕ್ಕೆ ಸಂಬಳವನ್ನೂ ಕೊಡುವ ಜಾಗ ಅದೊಂದೇ ಸಿಕ್ಕಿತ್ತು. ಇನ್ಸುಲಿನ್ ಹನಿಹನಿಯಾಗಿ ಹೋಗುತ್ತಿರುವ ರೋಗಿಯ ಬೆರಳು ಚುಚ್ಚಿ ತಾಸಿಗೊಮ್ಮೆ ಸಕ್ಕರೆ ನೋಡುತ್ತೇವೆ. ನಡುವಿನ ಆ ಒಂದು ತಾಸು ನನಗೆ ಕಳೆಯುತ್ತಿರಲಿಲ್ಲ. ಆಡಳಿತದವರ ಬೆನ್ನು ಹತ್ತಿ ಸಿಜಿಎಂ ತರಿಸಿದೆ. ತೋಳಿಗೆ ಅಂಟಿಸುವ, ನಾಣ್ಯದಷ್ಟು ದೊಡ್ಡ ಸೆನ್ಸರ್ ಅದು. ಚರ್ಮದ ಕೆಳಗಿನ ದ್ರವದಲ್ಲಿ ಸಕ್ಕರೆ ಎಷ್ಟಿದೆಯೆಂದು ಐದೈದು ನಿಮಿಷಕ್ಕೆ ಹಾಸಿಗೆ ಪಕ್ಕದ ಪರದೆಯಲ್ಲಿ ತೋರಿಸುತ್ತದೆ. ತಾಸಿಗೊಮ್ಮೆ ಬರುತ್ತಿದ್ದ ನನ್ನ ಚಿಂತೆಯೂ ಅಲ್ಲಿಂದ ಐದು ನಿಮಿಷಕ್ಕೊಮ್ಮೆ ಬರತೊಡಗಿತು.

ಅದನ್ನು ಹಚ್ಚಿಸಿಕೊಂಡ ಮೊದಲಿಗರಲ್ಲಿ ಒಬ್ಬರು ಲಕ್ಷ್ಮೇಶ್ವರದ ಕಿರಾಣಿ ವ್ಯಾಪಾರಿ ವೀರಭದ್ರಪ್ಪ. ಕಾಲಿನ ಹುಣ್ಣಿನ ನಂಜು ರಕ್ತಕ್ಕೇರಿತ್ತು, ಸಕ್ಕರೆ ನಾಲ್ಕುನೂರು ದಾಟಿತ್ತು. ಅರೆಪ್ರಜ್ಞೆಯಲ್ಲಿ ನಳಿಗೆ ಕಿತ್ತುಕೊಳ್ಳುತ್ತಿದ್ದವರು ಹೆಂಡತಿ ಗಂಗಕ್ಕ ಕೈ ಹಿಡಿದರೆ ಸುಮ್ಮನಾಗುತ್ತಿದ್ದರು. ಹಾಗಾಗಿ ಗಂಗಕ್ಕನನ್ನು ಒಳಗೇ ಕೂರಲು ಬಿಟ್ಟೆ.

"ಸಕ್ಕರಿ ಇಳೀಬೇಕ್ರಿ ಅಕ್ಕಾರ, ಅದು ಇಳದ್ರ ಗೆದ್ದಂಗ," ಎಂದು ದಿನಾ ಮುಂಜಾನೆ ಹೇಳುತ್ತಿದ್ದೆ.

"ಅಂಗಡ್ಯಾಗ ಸಕ್ಕರಿ ಇಳದ್ರ ನಮಗ ಲುಕ್ಸಾನು, ಇಲ್ಲಿ ಇಳದ್ರ ಲಾಭ. ಎಂಥಾ ವ್ಯಾಪಾರರಿ ನಿಮ್ಮದು!" ಎಂದು ಅವರು ನಕ್ಕಿದ್ದರು.

ಒಂದು ದಿನ ವೀರಭದ್ರಪ್ಪ ಸೆನ್ಸರ್ ಇದ್ದ ತೋಳಿನ ಮೇಲೇ ಮಗ್ಗುಲಾದರು. ಮೈಭಾರಕ್ಕೆ ಸಿಕ್ಕರೆ ಅದು ಸುಳ್ಳೇ ಕಡಿಮೆ ಅಂಕಿ ತೋರಿಸಿ ಕೂಗುತ್ತದೆ. ಗಂಗಕ್ಕ ಗಾಬರಿಯಾಗಿ ಓಡಿಬಂದರು. ಬೆರಳು ಚುಚ್ಚಿ ನೋಡಿದೆ, ಸರಿಯಿತ್ತು.

"ಅದು ಸುಮ್ಮಸುಮ್ಮನ ಒದರತೈತ್ರಿ, ಅಂಜಬ್ಯಾಡ್ರಿ," ಎಂದೆ. ಅಂಜುವುದನ್ನೇ ಕಸುಬು ಮಾಡಿಕೊಂಡ ನಾನು ಇನ್ನೊಬ್ಬರಿಗೆ ಧೈರ್ಯ ಹೇಳಿದ್ದು ಅಪರೂಪ. ಹೇಳಬಾರದಿತ್ತು.

ಮರುದಿನ ಮಧ್ಯಾಹ್ನ ಎದುರಿನ ಹಾಸಿಗೆಯ ರೋಗಿಗೆ ಉಸಿರು ನಿಂತಿತು. ನಾನೂ ಇಬ್ಬರು ನರ್ಸ್‌ಗಳೂ ಅಲ್ಲಿದ್ದೆವು. ಅದೇ ಹೊತ್ತಿಗೆ ವೀರಭದ್ರಪ್ಪನವರ ಮೂಗಿನ ನಳಿಗೆ ಕಟ್ಟಿಕೊಂಡು ಆಹಾರ ಹೋಗುವುದು ನಿಂತಿತ್ತು. ಇನ್ಸುಲಿನ್ ಮಾತ್ರ ಹೋಗುತ್ತಲೇ ಇತ್ತು. ಯಂತ್ರಗಳ ಗದ್ದಲದಲ್ಲಿ ಸಿಜಿಎಂ ಕೂಗಿದ್ದು ನಮಗೆ ಕೇಳಿಸಲಿಲ್ಲ. ಗಂಗಕ್ಕನಿಗೆ ಕೇಳಿಸಿತ್ತು. ಆ ರೋಗಿಗೆ ವೆಂಟಿಲೇಟರ್ ಹಚ್ಚಿ ತಿರುಗಿದಾಗ ಅವರು ಮುಖ ಅರಳಿಸಿ ಪರದೆ ತೋರಿಸಿದರು.

"ನೋಡ್ರಿ ಸಾಹೇಬ್ರ, ನಲವತ್ನಾಕಕ್ಕ ಇಳೀತು! ಮಗಳಿಗೆ ಫೋನ್ ಹಚ್ಚಿ ಹೇಳಿದೆ. ಇವರಿಗೂ ಚಲೋ ನಿದ್ದಿ ಹತ್ತೈತಿ."

ಅದು ನಿದ್ದೆಯಾಗಿರಲಿಲ್ಲ. ಹಣೆ ಬೆವರಿ ತಣ್ಣಗಾಗಿತ್ತು. ಬೆರಳು ಚುಚ್ಚಿದರೆ ಮೂವತ್ತೆಂಟು. ಸಕ್ಕರೆ ಅಷ್ಟು ಇಳಿದರೆ ಮೆದುಳಿಗೇ ಉಪವಾಸ. ಇನ್ಸುಲಿನ್ ನಿಲ್ಲಿಸಿ ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರಾವಣ ಕೊಟ್ಟೆ. ಅಂಕಿ ಬೇಗನೇ ಏರಿತು. ವೀರಭದ್ರಪ್ಪ ಕಣ್ಣು ತೆರೆದದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ.

ಅಲ್ಲಿಯವರೆಗೂ ಗಂಗಕ್ಕ ಗೋಡೆಗೆ ಆತು ನಿಂತಿದ್ದರು. "ಇಳದೈತಿ ಅಂತ ಖುಷಿಪಟ್ಟ ಕುಂತೆನಲ್ಲರಿ ನಾನು," ಎಂದರು.

"ತಪ್ಪು ನಂದ್ರಿ. ಇಳೀಬೇಕು ಅಂದವ ನಾನು, ಒದರಿದ್ರ ಅಂಜಬ್ಯಾಡ್ರಿ ಅಂದವನೂ ನಾನು."

"ನೀವು ದೊಡ್ಡ ಮನಸಿನವ್ರು, ಹಂಗಂತೀರಿ."

ನನ್ನ ತಪ್ಪೊಪ್ಪಿಗೆ ಅವರ ಕಿವಿಗೆ ನನ್ನ ದೊಡ್ಡತನವಾಗಿ ಬಿತ್ತು. ಅದಕ್ಕಿಂತ ಅವರು ಬೈದಿದ್ದರೆ ಹಗುರಾಗುತ್ತಿದ್ದೆ.

ವೀರಭದ್ರಪ್ಪ ನಡೆದುಕೊಂಡೇ ಆಸ್ಪತ್ರೆಯಿಂದ ಹೊರಗೆ ಹೋದರು. ಈಗ ಅಂಗಡಿಯಲ್ಲಿ ಕೂರುತ್ತಾರೆ, ಆದರೆ ಹಳೆಯ ಗಿರಾಕಿಗಳ ಹೆಸರು ಮರೆಯುತ್ತಾರೆ. ನಂಜಿನಿಂದಲೋ, ಆ ಮಧ್ಯಾಹ್ನದಿಂದಲೋ, ಹೇಳಬಲ್ಲ ಪರೀಕ್ಷೆ ಯಾವುದೂ ಇಲ್ಲ. ತೋರಿಸಲು ಬಂದಾಗಲೆಲ್ಲ ಗಂಗಕ್ಕ, "ಅವತ್ತ ನಾ ಒದರಬೇಕಿತ್ತ್ರಿ," ಎನ್ನುತ್ತಾರೆ. ನಾನು ಹೊರಬೇಕಾದ್ದನ್ನು ಅವರು ಹೊತ್ತುಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತುತ್ತಾರೆ.

ಈಗ ನಾನು ಐಸಿಯುನಲ್ಲಿ ಯಾರಿಗೂ ಬರೀ "ಇಳೀಬೇಕು" ಎನ್ನುವುದಿಲ್ಲ. ನೂರಾ ನಲವತ್ತರಿಂದ ನೂರಾ ಎಂಬತ್ತರ ನಡುವೆ ಇರಬೇಕು, ಕೆಳಗೆ ಹೋದರೂ ಕರೆಯಿರಿ ಎಂದು ಹೇಳಿ, ಅವರ ಬಾಯಿಂದಲೂ ಹೇಳಿಸುತ್ತೇನೆ. ನರ್ಸ್‌ಗಳು ಹಿಂದಿನಿಂದ ನನ್ನನ್ನು ಕನ್ನಡಶಾಲಿ ಮಾಸ್ತರ ಎಂದು ಆಡಿಕೊಳ್ಳುವುದು ಗೊತ್ತಿದೆ.

ಹೋದ ತಿಂಗಳು ವೀರಭದ್ರಪ್ಪನವರ ಸಕ್ಕರೆ ನೂರಾ ಮೂವತ್ತಿತ್ತು; ಐಸಿಯು ಬಿಟ್ಟು ಮನೆಯಲ್ಲಿರುವವರಿಗೆ ಅದು ಒಳ್ಳೆಯ ಅಂಕಿ. "ಚಲೋ ಐತ್ರಿ," ಎಂದೆ. ಗಂಗಕ್ಕ ಕುರ್ಚಿಯಿಂದ ಏಳಲಿಲ್ಲ.

"ಇನ್ನೂ ಇಳೀಬೇಕೋ, ಇಷ್ಟಕ್ಕ ಸಾಕೋ? ಬಿಡಿಸಿ ಹೇಳ್ರಿ."

"ಸಾಕ್ರಿ ಅಕ್ಕಾರ," ಎಂದೆ. ಮೂರು ವರ್ಷ ತಡವಾಗಿ.