ಡಾಟ್ ಶಾಪ್‌ನ ಬೋಣಿ

ನಮ್ಮ ಚಟ್ನಿಪುಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಜಾಹೀರಾತು ಎನ್ನುತ್ತೀರಿ. ಜಗಳೂರು ಕಡೆಯ ಶೇಂಗಾ ತರಿಸಿ, ನ್ಯಾಮತಿಯ ನಮ್ಮ ಮನೆಯಲ್ಲಿ ಅತ್ತೆ ಹದವಾಗಿ ಹುರಿದು ಮಾಡುವ ಪುಡಿ ಅದು ಎಂದರೆ ಸಾಕು. ಬಾಗಿಲಿಗೆ ಬಂದವರಿಗಷ್ಟೇ ಮಾರುತ್ತಿದ್ದದ್ದನ್ನು ಇಂಟರ್‌ನೆಟ್ಟಿಗೆ ಹತ್ತಿಸಬೇಕೆಂಬ ಹುಚ್ಚು ನನ್ನದು. ಹುಡುಕಿದರೆ ಆ ಹೆಸರಿನ ಡಾಟ್ ಕಾಮ್ ಆಗಲೇ ಉತ್ತರ ಭಾರತದ ಕಡೆಯ ಯಾವುದೋ ಉಪ್ಪಿನಕಾಯಿ ಅಂಗಡಿಯ ಪಾಲಾಗಿತ್ತು.

ಚನ್ನಗಿರಿಯಲ್ಲಿರುವ ನನ್ನ ತಮ್ಮ, "ಹೆಸರು ಬದಲಾಯಿಸಕ್ಕಾ, ತಲೆನೋವು ಬ್ಯಾಡ" ಎಂದ. ಹೆಸರಿಟ್ಟವರು ಅತ್ತೆ. ಅವರೆದುರು ಆ ಮಾತೆತ್ತುವ ಧೈರ್ಯ ನನಗಿರಲಿಲ್ಲ. ಹೆಸರಿನ ಕೊನೆಯಲ್ಲಿ ಡಾಟ್ ಶಾಪ್ ಎಂದೂ ಹಾಕಿಕೊಳ್ಳಬಹುದು ಎಂದು ಗೊತ್ತಾದದ್ದು ಆಗಲೇ. ಇನ್ನೂ ಏನೇನಿವೆಯೋ ನೋಡೋಣ ಎಂದು ಕುಳಿತರೆ ಮಧ್ಯಾಹ್ನವೆಲ್ಲ ಅದರಲ್ಲೇ ಕಳೆಯಿತು. ಡಾಟ್ ಫಾರ್ಮ್ ಇದೆ, ಡಾಟ್ ಕೆಫೆ ಇದೆ, ಡಾಟ್ ಪಿಜ್ಜಾ ಕೂಡ ಇದೆ. ಪಿಜ್ಜಾಕ್ಕೆ ಇರುವ ಭಾಗ್ಯ ರೊಟ್ಟಿಗೆ ಯಾಕಿಲ್ಲ ಎಂದು ಸಿಟ್ಟು ಬಂತು. ಕೊನೆಗೆ ಡಾಟ್ ಶಾಪ್ ಕೊಂಡೆ. ಹೊನ್ನಾಳಿಯಲ್ಲಿ ಕವರು ಪ್ರಿಂಟ್ ಮಾಡುವವರು ಅದರ ಮುಂದೆ ಕಾಮ್ ಸೇರಿಸಿ, "ಬಿಟ್ಟು ಹೋಗಿತ್ತು ಮೇಡಂ, ನಾನೇ ಹಾಕೀನಿ" ಎಂದು ಉಪಕಾರ ಮಾಡಿದವರ ಹಾಗೆ ನಕ್ಕರು. ತೆಗೆಸುವಷ್ಟರಲ್ಲಿ ಸಾಕುಸಾಕಾಯಿತು.

ಎಲ್ಲ ಸಿದ್ಧವಾದ ಮೇಲೆ ಅತ್ತೆ ಒಂದು ಷರತ್ತು ಹಾಕಿದರು.

"ಬೋಣಿ ನನ್ನ ತಂಗೀದೇ ಆಗಬೇಕು. ಅಲ್ಲೀತನಕ ಬ್ಯಾರೆ ಯಾರಿಗೂ ಮಾರಾಕೆ ಹೋಗಬ್ಯಾಡ. ಬೋಣಿ ಉದ್ರಿ ಆಗಬಾರ್ದು, ರೊಕ್ಕ ಮೊದಲೇ ಬರಬೇಕು."

ಅತ್ತೆಯ ತಂಗಿ, ಎಂದರೆ ನನ್ನ ಚಿಕ್ಕತ್ತೆ, ಸಾಸ್ವೆಹಳ್ಳಿಯಲ್ಲಿರುತ್ತಾರೆ. ಗಂಡ ತೀರಿಕೊಂಡ ಮೇಲೆ ಅವರ ಓಣಿಯಲ್ಲಿ ಯಾವ ಶುಭಕಾರ್ಯಕ್ಕೂ ಅವರನ್ನು ಮುಂದೆ ಕರೆಯುವುದಿಲ್ಲ. ಕೆಲಸಕ್ಕೆ ಹೊರಟವರು ಅವರನ್ನು ಕಂಡರೆ ಒಳಗೆ ಹೋಗಿ ನೀರು ಕುಡಿದು ಬರುತ್ತಾರೆ. ನಮ್ಮತ್ತೆ ಮಾತ್ರ ಪ್ರತಿ ಸಲವೂ ಹೊಸ ಪುಡಿಯ ಮೊದಲ ಪೊಟ್ಟಣವನ್ನು ತಂಗಿಗೇ ಮಾರುತ್ತಾರೆ. ಯಾರೋ ಕೊಂಕು ತೆಗೆದಾಗ, "ಕೈ ಆಕೀದು, ಆಕಿ ಗಂಡಂದಲ್ಲ" ಎಂದು ಬಾಯಿ ಮುಚ್ಚಿಸಿದ್ದರು.

ವಿಳಾಸವನ್ನು ಚಿಕ್ಕತ್ತೆಗೆ ಫೋನಿನಲ್ಲಿ ಹೇಳಿದೆ. ಮರುದಿನವೇ, "ಸೊಸೆ ಕೈಲಿ ಒತ್ತಿಸೀನಿ, ರೊಕ್ಕಾನೂ ಹೋತು" ಎಂದರು. ನನ್ನ ಕಡೆ ಏನೂ ಬಂದಿರಲಿಲ್ಲ. ಆರ್ಡರು ಎಲ್ಲಿ ಸಿಕ್ಕಿಕೊಂಡಿತು ಎಂದು ಸೆಟ್ಟಿಂಗುಗಳನ್ನೆಲ್ಲ ಕೆದಕಿದೆ. ನನಗೇ ನಾನು ಆರ್ಡರು ಹಾಕಿ ನೋಡೋಣ ಎಂದುಕೊಂಡೆ. ಅದೇ ಬೋಣಿಯಾಗಿಬಿಟ್ಟರೆ ಎಂದು ಹೆದರಿ ಬಿಟ್ಟೆ. ಪರಿಚಯದವರು ಯಾವಾಗ ಶುರು ಎಂದು ಕೇಳುತ್ತಿದ್ದರು. ಬಾಗಿಲು ಹಾಕಿಕೊಂಡ ಅಂಗಡಿಯೊಳಗೆ ನಾನು ಚಡಪಡಿಸುತ್ತಿದ್ದೆ.

ಕೆಲವು ದಿನಗಳಾದ ಮೇಲೆ ಚಿಕ್ಕತ್ತೆ ತಾವೇ ಬಸ್ಸು ಹತ್ತಿ ಬಂದರು. ಚೀಲದಿಂದ ಒಂದು ಡಬ್ಬಿ ತೆಗೆದು ನನ್ನ ಮುಂದಿಟ್ಟರು.

"ಇದೇನವ್ವಾ ನಿಮ್ಮ ಚಟ್ನಿ ಹಿಂಗೆ ನಾರ್ತೈತೆ?"

ಮುಚ್ಚಳ ತೆಗೆದರೆ ಸಾಸಿವೆ ಎಣ್ಣೆಯಲ್ಲಿ ಮುಳುಗಿದ ಮಾವಿನಕಾಯಿ. ಅವರ ಸೊಸೆ ರೂಢಿಯಂತೆ ಡಾಟ್ ಕಾಮ್ ಎಂದು ಒತ್ತಿದ್ದಳು. ಹೆಸರು ನಮ್ಮದೇ ಇದ್ದದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ನಮ್ಮ ಬೋಣಿ ಉಪ್ಪಿನಕಾಯಿಯವರ ಗಲ್ಲಾಪೆಟ್ಟಿಗೆ ಸೇರಿತ್ತು! ನನಗೆ ನಗು ತಡೆಯಲಾಗಲಿಲ್ಲ. ಚಿಕ್ಕತ್ತೆಯ ಮುಖ ನೋಡಿದ ಮೇಲೆ ನಿಂತಿತು.

"ಜನ ಹೇಳೋದು ಖರೇನೇ ಇರಬೇಕು ಅಕ್ಕಾ. ಬ್ಯಾರೆ ಯಾರ ಕೈಲಾದ್ರೂ ಮಾಡಿಸು."

ಅತ್ತೆ ಉಪ್ಪಿನಕಾಯಿಯ ಒಂದು ಹೋಳು ಬಾಯಿಗಿಟ್ಟು ಚಪ್ಪರಿಸಿದರು.

"ಹೊನ್ನಾಳಿ ಸಂತೇಲಿ ನಿನ್ನ ಹೆಸರಿನೋರು ಎಷ್ಟು ಮಂದಿ ಇಲ್ಲ? ಯಾವೂರಾಕಿ ಅಂತ ಕೇಳಲ್ವೇನು? ಇದೂ ಹಂಗೇ. ಹೆಸರು ಒಂದೇ, ಊರು ಬ್ಯಾರೆ. ನೀನು ಊರು ತಪ್ಪಿ ಹೋಗಿದ್ದಿ, ಅಷ್ಟೇ. ಕೈ ಏನು ಮಾಡೈತೆ?"

ಡೊಮೇನ್ ಎಂದರೇನೆಂದು ನಾನು ಓದಿದ ಯಾವ ಲೇಖನವೂ ಇಷ್ಟು ಚೆನ್ನಾಗಿ ತಿಳಿಸಿರಲಿಲ್ಲ. ಆದರೆ ಚಿಕ್ಕತ್ತೆ ಮತ್ತೆ ಆರ್ಡರು ಹಾಕಲು ಫೋನು ಮುಟ್ಟಲಿಲ್ಲ. "ನೀನು ಒತ್ತದಿದ್ರೆ ಈ ಅಂಗಡೀನೇ ಬ್ಯಾಡ" ಎಂದರು ಅತ್ತೆ. ಆ ಮನೆಗೆ ಬಂದ ಮೇಲೆ ನನ್ನದು ಎಂದು ಆಸೆಪಟ್ಟು ಕಟ್ಟಿದ್ದು ಅದೊಂದೇ. ಅತ್ತೆ ಆಡಿದರೆ ಆಡಿದಂತೆ ಮಾಡುವವರು.

ಬಹಳ ಹೊತ್ತಾದ ಮೇಲೆ ಚಿಕ್ಕತ್ತೆ ಸೆರಗಿಗೆ ಕೈ ಒರೆಸಿಕೊಂಡು, "ಕೊನೇದು ಇನ್ನೊಂದ್ಸಲ ಹೇಳವ್ವಾ" ಎಂದರು. ಒಂದೊಂದೇ ಅಕ್ಷರ ತೋರಿಸಿದೆ, ಅವರು ತಮ್ಮ ಫೋನಿನಲ್ಲಿ ಒತ್ತಿದರು. ಆರ್ಡರು, ರೊಕ್ಕ ಎರಡೂ ಬಂದವೆಂದು ನನ್ನ ಫೋನು ಟಿಣ್ ಎಂದಿತು. ಪೊಟ್ಟಣ ಅಲ್ಲೇ ಕೈಗೆ ಕೊಡಲು ಹೋದರೆ ಅತ್ತೆ ಕಸಿದುಕೊಂಡರು. "ಪೋಸ್ಟಿನಾಗೇ ಹೋಗ್ಲಿ. ಎಲ್ಲಾರಿಗೂ ಹೆಂಗೋ ಆಕೀಗೂ ಹಂಗೇ."

ಆ ವಾರ ಚಿಕ್ಕತ್ತೆ ಫೋನು ಮಾಡಿದಾಗ ನಾನೇ ಎತ್ತಿದೆ.

"ಪೋಸ್ಟಿನಾತ ಓಣಿಗೆಲ್ಲ ಕೇಳೋ ಹಂಗೆ ನನ್ನ ಹೆಸರು ಕೂಗಿದ ಕಣವ್ವಾ. ಎದುರುಮನೆಯಾಕಿ ಏನು ಬಂದೈತೆ ಅಂತ ಕೇಳಿದ್ಲು. ಬೋಣಿ ಮಾಡಿದ್ದೆ ಅಂದೆ. ಆಕಿ ಮಗಳು ಸೋಮವಾರ ಹೊಲಿಗೆ ಅಂಗಡಿ ಇಡ್ತಾಳಂತೆ. ಮೊದಲನೇ ಕುಬಸ ನೀವೇ ಹೊಲಿಯಾಕೆ ಕೊಡ್ರಿ ಅಂದ್ಲು."